ಅಜ್ಜನ ಕ್ಷೌರದ ಕತ್ತಿಗೆ ಹೊಸ ಹಿಡಿ, ಹೊಸ ಬಾಯಿ

ಪ್ರಶ್ನೆ: ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜನ ಮಡಚುವ ಕ್ಷೌರದ ಕತ್ತಿ ಸಿಕ್ಕಿತು. ಅಲಗಿನ ಬುಡದಲ್ಲಿ ‘ಸೋಲಿಂಗೆನ್, ಜರ್ಮನಿ’ ಎಂದು ಅಚ್ಚೊತ್ತಿದೆ. ಹಿಡಿ ಕೆನೆ ಬಣ್ಣದ್ದು, ಆನೆದಂತವಿರಬೇಕು ಎನ್ನುತ್ತಾರೆ ಮನೆಯವರು. ಆದರೆ ಪಿನ್ನಿನ ಸುತ್ತ ಬಿರುಕು ಬಿಟ್ಟು ಪುಡಿ ಉದುರುತ್ತಿದೆ. ಅಲಗಿಗೂ ತುಕ್ಕು ಹಿಡಿದಿದೆ, ಅದೂ ಹಿಡಿಯೊಳಗೆ ಮುಚ್ಚಿಕೊಳ್ಳುವ ಭಾಗಕ್ಕೆ ಮಾತ್ರ. ಈ ಕತ್ತಿಯಲ್ಲಿ ಗಡ್ಡ ತೆಗೆಯುವುದನ್ನು ಕಲಿಯಬೇಕೆಂಬ ಆಸೆ. ಮೊದಲು ಕಲಿಯಲೇ, ಹಿಡಿ ಬದಲಿಸಲೇ? ಹಿಡಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಹಿಡಿಯಿಂದಲೇ ಶುರುಮಾಡಿ, ಅದೂ ಇವತ್ತೇ. ನಿಮ್ಮ ಪ್ರಶ್ನೆಯಲ್ಲೇ ರೋಗದ ಗುರುತು ಇದೆ. ಹಿಡಿ ಮುಚ್ಚುವ ಕಡೆ ಮಾತ್ರ ತುಕ್ಕು ಬಂದಿದೆ ಎಂದರೆ ತುಕ್ಕಿಗೆ ಕಾರಣ ಹಿಡಿಯೇ. ಅದು ಬಹುಮಟ್ಟಿಗೆ ಆನೆದಂತವಲ್ಲ, ಸೆಲ್ಯುಲಾಯ್ಡ್. ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ ಬೆರೆಸಿ ಮಾಡುತ್ತಿದ್ದ ಹಳೆಯ ಪ್ಲಾಸ್ಟಿಕ್ ಅದು. ವರ್ಷಗಳು ಕಳೆದಂತೆ ಒಳಗಿನಿಂದಲೇ ಕೊಳೆಯುತ್ತದೆ. ಕೊಳೆಯುವಾಗ ಹೊರಬರುವ ಆಮ್ಲದ ಆವಿ ಹಿಡಿಯ ಎರಡು ಪಟ್ಟಿಗಳ ಸಂದಿಯಲ್ಲೇ ನಿಂತು ಉಕ್ಕನ್ನು ತಿನ್ನುತ್ತದೆ. ಹಿತ್ತಾಳೆ ಪಿನ್ನಿನ ಸುತ್ತ ಹಸಿರು ಕಿಲುಬು ಕಂಡರೆ, ಮೂಗಿಗೆ ಚುರುಕಾದ ಹುಳಿ ವಾಸನೆ ಬಡಿದರೆ ಅನುಮಾನವೇ ಬೇಡ. ಕತ್ತಿಯನ್ನು ಇನ್ನೊಂದು ವರ್ಷ ಹಾಗೇ ಮಡಚಿಟ್ಟರೆ ಬಾಯಿಯವರೆಗೂ, ಅಂದರೆ ಹರಿತದ ಅಂಚಿನವರೆಗೂ, ಗುಳಿ ಬೀಳಬಹುದು.

ಖಾತ್ರಿ ಮಾಡಿಕೊಳ್ಳಲು ಭೂತಗನ್ನಡಿ ಸಾಕು. ನಿಜವಾದ ಆನೆದಂತದ ಅಡ್ಡಕೊಯ್ತದಲ್ಲಿ, ಅಂದರೆ ಹಿಡಿಯ ಬಾಲದ ತುದಿಯಲ್ಲಿ, ಒಂದರ ಮೇಲೊಂದು ಹಾದುಹೋಗುವ ಬಲೆಯಂಥ ಗೆರೆಗಳಿರುತ್ತವೆ. ದಂತದಂತೆ ಕಾಣಲೆಂದು ಮಾಡಿದ ಸೆಲ್ಯುಲಾಯ್ಡಿನಲ್ಲಿ ಗೆರೆಗಳು ಸ್ಕೇಲ್ ಇಟ್ಟು ಎಳೆದಂತೆ ನೇರವಾಗಿ, ಒಂದೇ ಅಂತರದಲ್ಲಿ ಉದ್ದಕ್ಕೂ ಸಾಗುತ್ತವೆ. ಹಿಡಿಯ ಮೂಲೆಯನ್ನು ಬಿಸಿನೀರಿನಲ್ಲಿ ಕ್ಷಣಕಾಲ ಅದ್ದಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಕೆಂಪಗೆ ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಒಂದು ವೇಳೆ ನಿಜವಾದ ದಂತವೇ ಆಗಿದ್ದರೆ ಮಾರುವ ಯೋಚನೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆದಂತದ ವ್ಯಾಪಾರ ಅಪರಾಧ. ಆಗ ಅರಣ್ಯ ಇಲಾಖೆಯವರನ್ನು ವಿಚಾರಿಸುವುದೇ ಸರಿ.

ಇನ್ನು ‘ಜರ್ಮನಿ’ ಎಂಬ ಮಾತು. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ 1890ರ ಸುಂಕದ ಕಾಯ್ದೆಯಲ್ಲಿ ನಿಯಮ ಮಾಡಿತು. ಆ ಬಳಿಕ ಕತ್ತಿಗಳಿಗೆ ಹೆಸರಾದ ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಊರುಗಳ ಕತ್ತಿಗಳ ಮೇಲೆ ದೇಶದ ಹೆಸರೂ ಸೇರಿಕೊಳ್ಳತೊಡಗಿತು. ಹಾಗಾಗಿ ನಿಮ್ಮದು ಬಹುಶಃ 1890ರ ದಶಕದಿಂದ ಈಚಿನದು. ಸೋಲಿಂಗೆನ್ನಿನ ಹಳೆಯ ಇಂಗಾಲದ ಉಕ್ಕು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಉಳಿಸಿಕೊಳ್ಳಲು ಯೋಗ್ಯ. ಆದರೆ ಹೆಸರು ನೋಡಿ ನಿರ್ಧರಿಸಬೇಡಿ, ಅಲಗನ್ನೇ ನೋಡಿ.

ಬಾಯಿಯ ಮೇಲೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿ, ಬಿಡಿಸುವುದಕ್ಕೆ ಮೊದಲೇ ಹಿಡಿಯನ್ನು ಗ್ರಾಫ್ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಳ್ಳಿ. ಎರಡೂ ಪಿನ್ನುಗಳ ಜಾಗ, ಬಾಲದ ಕಡೆ ಎರಡು ಪಟ್ಟಿಗಳ ನಡುವೆ ಇರುವ ಬೆಣೆಯ ಉದ್ದ, ಮಡಚಿದಾಗ ಅಲಗಿನ ತುದಿ ಎಲ್ಲಿಗೆ ಬರುತ್ತದೆ, ಎಲ್ಲವನ್ನೂ ಗುರುತಿಸಿ. ಹಿಡಿ ಪುಡಿಯಾದ ಮೇಲೆ ಈ ಅಳತೆ ಮತ್ತೆ ಸಿಗುವುದಿಲ್ಲ. ಆಮೇಲೆ ಒಂದು ಬದಿಯ ಪಿನ್ನಿನ ತಲೆಯನ್ನು ಸಣ್ಣ ಚಪ್ಪಟೆ ಅರದಿಂದ ಉಜ್ಜಿ ವಾಷರಿನ ಮಟ್ಟಕ್ಕೆ ತನ್ನಿ. ಮರದ ತುಂಡಿನಲ್ಲಿ ಒಂದು ತೂತು ಮಾಡಿ, ಪಿನ್ನಿನ ಇನ್ನೊಂದು ತಲೆ ಅದರ ಮೇಲೆ ಬರುವಂತೆ ಇಟ್ಟು 1.5 ಮಿ.ಮೀ. ಪಂಚಿನಿಂದ ಮೆಲ್ಲಗೆ ತಟ್ಟಿ ಹೊರದೂಡಿ. ಇಕ್ಕಳ ಹಾಕಿ ಕೀಳಬೇಡಿ. ಪಿನ್ನು ಸೊಟ್ಟಗಾಗಿ ಉಕ್ಕಿನ ತೂತಿನ ಅಂಚು ಹಾಳಾಗುತ್ತದೆ. ಬಿಚ್ಚಿದ ಸೆಲ್ಯುಲಾಯ್ಡನ್ನು ಒಲೆಗೆ ಹಾಕಬೇಡಿ, ಡಬ್ಬಿಯಲ್ಲಿ ತುಂಬಿ ಮುಚ್ಚಿಡಬೇಡಿ, ಬೇರೆ ಕತ್ತಿಗಳ ಜೊತೆಗಂತೂ ಬೇಡವೇ ಬೇಡ. ನೀರಿನಲ್ಲಿ ನೆನೆಸಿ ಅಪಾಯಕಾರಿ ಕಸವೆಂದು ಹೇಳಿ ಬೇರೆಯಾಗಿಯೇ ಕೊಡಿ.

ಈಗ ಅಲಗಿನ ಪರೀಕ್ಷೆ. ಮೊದಲು ನೋಡಬೇಕಾದ್ದು ಬಿರುಕು. ಉಗುರಿನಿಂದ ಅಲಗನ್ನು ಮೀಟಿ. ಒಳ್ಳೆಯದಾದರೆ ಟಿಣ್ ಎಂಬ ಸ್ವಚ್ಛ ನಾದ ಬರುತ್ತದೆ, ಬಿರುಕಿದ್ದರೆ ಸದ್ದು ಸತ್ತಂತಿರುತ್ತದೆ. ಬಿರುಕು ಬಿಟ್ಟ ಅಲಗು ಯಾವತ್ತೂ ಮುಖಕ್ಕೆ ತಾಗಬಾರದು, ಅದನ್ನು ನೆನಪಿಗೆ ಇಟ್ಟುಕೊಳ್ಳಿ ಅಷ್ಟೇ. ಎರಡನೆಯದು, ಬಾಯಿಯಿಂದ 1 ಮಿ.ಮೀ. ಒಳಗೆ ಆಳವಾದ ತುಕ್ಕಿನ ಗುಳಿಗಳಿವೆಯೇ ಎಂದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ಬೆನ್ನಿನ ಹತ್ತಿರದ ಗುಳಿ ಅಂದಗೆಡಿಸುತ್ತದೆ, ಕೆಲಸ ಕೆಡಿಸುವುದಿಲ್ಲ. ಬಾಯಿಯಲ್ಲಿ ಗುಳಿ ಇದ್ದರೆ ಮಸೆದಂತೆಲ್ಲ ಅಲ್ಲೇ ಚೂರು ಹಾರುತ್ತದೆ. ಮೂರನೆಯದು, ಬಾಯಿಯನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟು ನೋಡಿ. ನಡುವೆ ಬೆಳಕು ಕಂಡರೆ ಹಿಂದೆ ಯಾರೋ ತಪ್ಪಾಗಿ ಮಸೆದು ಬಾಯಿ ಒಳಬಾಗಿದೆ ಎಂದರ್ಥ. ಅದನ್ನು ಸರಿಮಾಡುವುದು ಹೊಸಬರ ಕೆಲಸವಲ್ಲ.

ತುಕ್ಕು ತೆಗೆಯಲು ಹೊಲಿಗೆ ಯಂತ್ರದ ಎಣ್ಣೆ, 1000 ಮತ್ತು 2000 ನಂಬರಿನ ವಾಟರ್ ಪೇಪರ್, ಒಂದು ಬೆಂಡಿನ ಬಿರಡೆ ಸಾಕು. ಅಲಗನ್ನು ಹಲಗೆಯ ಮೇಲೆ ಮಟ್ಟವಾಗಿಟ್ಟು ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಿ. ಹಿಂದಕ್ಕೆ ಬರುವಾಗ ಕೈ ಎತ್ತಿ. ಬೆರಳು ಕುಯ್ದುಕೊಳ್ಳುವುದು ಹಿಂದಕ್ಕೆ ಎಳೆಯುವಾಗಲೇ. ಕಪ್ಪು ಕಲೆ ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ, ಕೆಂಪು ತುಕ್ಕು ಉಳಿಯಬಾರದು. ಬಫಿಂಗ್ ಯಂತ್ರಕ್ಕೂ ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೂ ಇದನ್ನು ಕೊಡಬೇಡಿ. ಸಾಣೆ ಹಿಡಿಯುವವರ ಕೈಚಳಕ ಈಳಿಗೆಗೆ, ಕುಡುಗೋಲಿಗೆ ಸರಿ. ಕಾಗದದಷ್ಟು ತೆಳ್ಳಗೆ ಟೊಳ್ಳು ಕೊರೆದ ಕ್ಷೌರದ ಅಲಗು ಚಕ್ರಕ್ಕೆ ತಾಗಿದ ಎರಡೇ ಸೆಕೆಂಡಿನಲ್ಲಿ ಕಾದು ಉಕ್ಕಿನ ಹದ ಹೋಗುತ್ತದೆ. ಬಾಯಿಯ ಹತ್ತಿರ ನೀಲಿ ಬಣ್ಣ ತಿರುಗಿದರೆ ಆ ಜಾಗ ಮತ್ತೆ ಹರಿತ ಹಿಡಿಯುವುದಿಲ್ಲ.

ಹೊಸ ಹಿಡಿಗೆ ಯಾವ ವಸ್ತು? ಮೊದಲ ಪ್ರಯತ್ನಕ್ಕೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ 3 ಮಿ.ಮೀ. ಹೈಲಂ ಶೀಟನ್ನೇ ತೆಗೆದುಕೊಳ್ಳಿ. ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ ಅದು. ನೀರಿಗೆ ಉಬ್ಬುವುದಿಲ್ಲ, ಸುಲಭಕ್ಕೆ ಸೀಳುವುದಿಲ್ಲ, ಅರಕ್ಕೆ ಚೆನ್ನಾಗಿ ಬಗ್ಗುತ್ತದೆ, ಕೆಟ್ಟರೆ ಇನ್ನೊಂದು ತುಂಡು ಕತ್ತರಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ತುಂಡುಗಳಾಗಿಯೂ ಕೇಳಿ ನೋಡಿ. ಮರವೇ ಬೇಕೆಂದರೆ ಬೀಟೆ ಸೊಗಸು. ಗಟ್ಟಿ, ನುಣುಪು, ಸ್ವಂತ ಎಣ್ಣೆಯಂಶ ಇರುವ ಮರ. ಮೈಸೂರಿನ ಇನ್‌ಲೇ ಕೆಲಸದವರ ಬಳಿ ಚೂರುಗಳು ಉಳಿದಿರುತ್ತವೆ. ಆದರೆ ಬೀಟೆಯ ಪುಡಿ ಕೆಲವರಿಗೆ ಚರ್ಮ, ಉಸಿರಿಗೆ ಒಗ್ಗುವುದಿಲ್ಲ, ಮಾಸ್ಕ್ ಬೇಕೇಬೇಕು. ಎಮ್ಮೆಯ ಕೊಂಬು ಈ ಕೆಲಸಕ್ಕೆ ಶತಮಾನಗಳಿಂದ ಬಳಕೆಯಲ್ಲಿದೆ, ಬಲು ಚೆಂದ. ಹವೆಗೆ ಸೊಟ್ಟಗಾಗುವ ಗುಣವಿರುವುದರಿಂದ ಎರಡನೆಯ ಹಿಡಿಗೆ ಇಟ್ಟುಕೊಳ್ಳಿ.

ಒಂದು ಮಾತು ಇಲ್ಲಿ ಮುಖ್ಯ. ಈ ಹಿಡಿ ಕೈಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಕತ್ತಿಗೆ ಒರೆ. ಗಡ್ಡ ತೆಗೆಯುವಾಗ ಬೆರಳುಗಳಿರುವುದು ಅಲಗಿನ ಕುತ್ತಿಗೆಯ ಮೇಲೆ, ಅಂದರೆ ಪಿನ್ನಿನ ಬಳಿಯ ಹರಿತವಿಲ್ಲದ ಭಾಗದ ಮೇಲೆ. ಹಿಡಿಯ ನಿಜವಾದ ಕೆಲಸ, ಮಡಚಿದಾಗ ಬಾಯಿ ಎರಡು ಪಟ್ಟಿಗಳ ನಟ್ಟನಡುವೆ ಯಾವುದಕ್ಕೂ ತಾಗದೆ ನಿಲ್ಲುವಂತೆ ಕಾಯುವುದು. ಆ ಬಾಯಿಯ ಅಂಚು ಒಂದು ಮೈಕ್ರಾನಿಗಿಂತ ತೆಳ್ಳಗಿರುತ್ತದೆ. ಹಿಡಿಯ ಗೋಡೆಗೆ ಒಮ್ಮೆ ತಗುಲಿದರೂ ಅಲ್ಲಿ ಮಡಿಚುತ್ತದೆ. ಹಿಡಿಯ ಎಲ್ಲ ಅಳತೆಗಳೂ ಈ ಒಂದು ಕಾರಣಕ್ಕೇ ಇರುವುದು.

ಸುಮಾರು 150 ಮಿ.ಮೀ. ಉದ್ದ, 20 ಮಿ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ ಎರಡು ಬದಿ ಅಂಟುವ ಟೇಪಿನಿಂದ ಒಂದರ ಮೇಲೊಂದು ಅಂಟಿಸಿ. ಗ್ರಾಫ್ ಕಾಗದದ ನಕ್ಷೆಯನ್ನು ಮೇಲೆ ಅಂಟಿಸಿಕೊಳ್ಳಿ. ಆಕಾರ ಕತ್ತರಿಸುವ ಮೊದಲೇ ತೂತು ಕೊರೆಯಬೇಕು, ಆಗ ಅಂಚುಗಳು ನೇರವಾಗಿರುವುದರಿಂದ ಪಟ್ಟಿ ಅಲುಗಾಡದೆ ಕೂರುತ್ತದೆ. 1.6 ಮಿ.ಮೀ. ಡ್ರಿಲ್ ಬಿಟ್, ಕೆಳಗೆ ಬೇಡದ ಮರದ ತುಂಡು, ಮತ್ತು ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್. ಕೈಯಲ್ಲಿ ಹಿಡಿದು ಕೊರೆದರೆ ತೂತು ಓರೆಯಾಗುತ್ತದೆ. ತೂತು ಓರೆಯಾದ ಹಿಡಿಯಲ್ಲಿ ಅಲಗು ಒಂದು ಗೋಡೆಗೆ ವಾಲಿಯೇ ಮುಚ್ಚುತ್ತದೆ. ಹಿಡಿ ಮಾಡಲು ಹೋಗಿ ಸೋತವರಲ್ಲಿ ಹೆಚ್ಚಿನವರು ಸೋಲುವುದು ಈ ಒಂದು ಹೆಜ್ಜೆಯಲ್ಲಿ. ತೂತಾದ ಮೇಲೆ ಗರಗಸ, ಅರ, 220ರಿಂದ 1000ದವರೆಗಿನ ವಾಟರ್ ಪೇಪರ್. ಪ್ರತಿ ಪಟ್ಟಿಯನ್ನು 2.5 ಮಿ.ಮೀ.ವರೆಗೆ ತೆಳುಮಾಡಬಹುದು. ಅಗಲ ಕಡಿಮೆಯಾದರೆ ಮಡಚಿದಾಗ ಬಾಯಿ ಕೆಳಗಿನಿಂದ ಇಣುಕುತ್ತದೆ. ಹಾಗಾಗಿ ಪ್ರತಿ ಸಲ ಉಜ್ಜಿದ ಮೇಲೂ ಅಲಗನ್ನು ಪಕ್ಕದಲ್ಲಿಟ್ಟು ನೋಡಿ. ಅಲಗಿನ ತುದಿ ಮತ್ತು ಬೆಣೆಯ ನಡುವೆ ಕನಿಷ್ಠ 5 ಮಿ.ಮೀ. ಅಂತರ ಇರಲಿ.

ಬೆಣೆಯೇ ಇಡೀ ಹಿಡಿಯ ಗುಟ್ಟು. ಬಾಲದ ತುದಿಯಲ್ಲಿ ದಪ್ಪ, ಒಳಗಡೆಗೆ ತೆಳು, ಹೀಗಿರಬೇಕು. ಅಲಗಿನ ಕುತ್ತಿಗೆ 4 ಮಿ.ಮೀ. ದಪ್ಪವಿದ್ದರೆ ಬೆಣೆ ಹೊರತುದಿಯಲ್ಲಿ 3 ಮಿ.ಮೀ., ಒಳತುದಿಯಲ್ಲಿ 1.5 ಮಿ.ಮೀ. ಎಂದು ಶುರುಮಾಡಿ. ಇದರಿಂದ ಎರಡು ಪಟ್ಟಿಗಳು ನಡುವೆ ತುಸು ಒಳಬಾಗಿ ಅಲಗಿನ ಬೆನ್ನನ್ನು ಸ್ಪ್ರಿಂಗಿನಂತೆ ಹಿಡಿದುಕೊಳ್ಳುತ್ತವೆ. ಬೆಣೆ ಎಲ್ಲ ಕಡೆ ಒಂದೇ ದಪ್ಪವಾದರೆ ಈ ಹಿಡಿತ ಬರುವುದಿಲ್ಲ, ಅಲಗು ಸಡಿಲವಾಗಿ ಲೊಡಲೊಡ ಆಡುತ್ತದೆ. ಒಂದು ಮಗ್ಗುಲು ದಪ್ಪವಾದರೆ ಹಿಡಿಯೇ ತಿರುಚಿಕೊಳ್ಳುತ್ತದೆ. ಈಗಲೇ ಪಿನ್ನು ಬಡಿಯಬೇಡಿ. 1.6 ಮಿ.ಮೀ.ನ ಸಣ್ಣ ಸ್ಕ್ರೂ, ನಟ್ಟು ಹಾಕಿ ತಾತ್ಕಾಲಿಕವಾಗಿ ಜೋಡಿಸಿ, ಹತ್ತು ಸಲ ತೆರೆದು ಮುಚ್ಚಿ. ಬಾಯಿ ಎಡಕ್ಕೆ ವಾಲಿದರೆ ಬೆಣೆಯ ಒಂದು ಮುಖವನ್ನು ವಾಟರ್ ಪೇಪರಿನ ಮೇಲೆ ನಾಲ್ಕೈದು ಸಲ ಎಳೆದು ಮತ್ತೆ ಜೋಡಿಸಿ, ನೋಡಿ. ಈ ತಿದ್ದುಪಡಿಗೆ ಒಂದು ಸಂಜೆಯೇ ಹಿಡಿದರೂ ಸರಿ. ಪಿನ್ನು ಬಡಿದ ಮೇಲೆ ತಿದ್ದಲು ದಾರಿ ಕಡಿಮೆ.

ಮರದ ಹಿಡಿಯಾದರೆ ಪಿನ್ನು ಬಡಿಯುವ ಮೊದಲು ಒಳಮೈಗೂ ಹೊರಮೈಯಷ್ಟೇ ಎಚ್ಚರದಿಂದ ಪಾಲಿಶ್ ಬಳಿಯಿರಿ, ತೂತಿನ ಒಳಗೂ. ನೀರು ನುಗ್ಗುವುದು ಒಳಗಿನಿಂದಲೇ. ಬೀಟೆಯಂಥ ಎಣ್ಣೆಮರವನ್ನು ಮೊದಲು ಅಸಿಟೋನಿನಲ್ಲಿ ಒರೆಸದಿದ್ದರೆ ಪಾಲಿಶ್ ಸಿಪ್ಪೆ ಏಳುತ್ತದೆ.

ಪಿನ್ನಿಗೆ 1.6 ಮಿ.ಮೀ. ಹಿತ್ತಾಳೆ ಸರಳು ಬೇಕು. ತಿರುಗಣೆಯಲ್ಲಿ, ಅಂದರೆ ಅಲಗು ತಿರುಗುವ ಪಿನ್ನಿನಲ್ಲಿ, ಜೋಡಣೆಯ ಕ್ರಮ ಹೀಗೆ: ಹೊರಗೆ ಉಬ್ಬು ವಾಷರ್, ಪಟ್ಟಿ, ಒಳಗೆ ತೆಳು ವಾಷರ್, ಅಲಗಿನ ಕುತ್ತಿಗೆ, ಮತ್ತೆ ತೆಳು ವಾಷರ್, ಪಟ್ಟಿ, ಉಬ್ಬು ವಾಷರ್. ಮೊದಲು ಬೆಣೆಯ ಕಡೆ ಮುಗಿಸಿ, ಆಮೇಲೆ ತಿರುಗಣೆಯ ಕಡೆ. ಸರಳನ್ನು ವಾಷರಿನ ಮೇಲೆ 0.8 ಮಿ.ಮೀ. ಮಾತ್ರ ಉಳಿಯುವಂತೆ, ಅಂದರೆ ಸರಳಿನ ದಪ್ಪದ ಅರ್ಧದಷ್ಟು, ಕತ್ತರಿಸಿ ಅರದಿಂದ ಚಪ್ಪಟೆ ಮಾಡಿ. ಹೆಚ್ಚು ಉಳಿಸಿದರೆ ಸರಳು ಬಾಗುತ್ತದೆ, ಕಡಿಮೆಯಾದರೆ ತಲೆ ಕಟ್ಟುವುದಿಲ್ಲ. 100 ಗ್ರಾಮಿನ ಗುಂಡುತಲೆ ಸುತ್ತಿಗೆ, ಕೆಳಗೆ ಒಂದು ಕಬ್ಬಿಣದ ತುಂಡು. ಮಧ್ಯಕ್ಕೆ ಹೊಡೆಯಬೇಡಿ. ಸರಳಿನ ಅಂಚಿನ ಸುತ್ತ, ಬಾಗಿಲಿಗೆ ಬೆರಳ ಗಿಣ್ಣಿನಿಂದ ತಟ್ಟಿದಷ್ಟೇ ಮೆಲ್ಲಗೆ, ಹತ್ತು ಪೆಟ್ಟು. ತಿರುಗಿಸಿ ಇನ್ನೊಂದು ಬದಿ ಹತ್ತು. ಮತ್ತೆ ತಿರುಗಿಸಿ. ನಾಲ್ಕೈದು ಸುತ್ತಿನಲ್ಲಿ ಸರಳಿನ ಅಂಚು ಅಣಬೆಯಂತೆ ಹರಡಿ ವಾಷರಿನ ಮೇಲೆ ಕೂರುವುದು ಕಣ್ಣಿಗೇ ಕಾಣುತ್ತದೆ. ಪ್ರತಿ ಸುತ್ತಿಗೂ ಕತ್ತಿ ತೆರೆದು ನೋಡಿ. ಯಾವ ಕೋನದಲ್ಲಿ ಬಿಟ್ಟರೂ ಅಲಗು ಅಲ್ಲೇ ನಿಲ್ಲಬೇಕು, ಒಂದೇ ಬೆರಳಿಗೆ ತೆರೆಯಬೇಕು. ಅಷ್ಟಾದ ತಕ್ಷಣ ಸುತ್ತಿಗೆ ಕೆಳಗಿಡಿ. ಇನ್ನೆರಡು ಪೆಟ್ಟು ಇರಲಿ ಎಂದುಕೊಂಡಾಗಲೇ ಮರ ಸೀಳುವುದು.

ಈಗ ಬಾಯಿ ಕಟ್ಟುವ ಕೆಲಸ. ಇದನ್ನು ಬೇಕೆಂದೇ ಕೊನೆಗಿಟ್ಟದ್ದು, ಏಕೆಂದರೆ ಹಿಡಿ ಜೋಡಿಸುವಾಗ ಹರಿತವಾದ ಬಾಯಿ ಒಂದು ಕಡೆಯಾದರೂ ತಾಗದೆ ಇರುವುದಿಲ್ಲ. ಅನುಭವಸ್ಥರಿಂದ ಮೊದಲ ಸಲ ಮಸೆಸಿಕೊಳ್ಳಿ ಎಂಬುದು ನಮ್ಮ ಖಚಿತ ಸಲಹೆ. ನಿಜವಾದ ಹರಿತ ಹೇಗಿರುತ್ತದೆ ಎಂದು ಮುಖಕ್ಕೆ ಒಮ್ಮೆ ಗೊತ್ತಾಗದೆ, ನೀವೇ ಮಸೆದದ್ದು ಸರಿಯೋ ತಪ್ಪೋ ತಿಳಿಯುವುದು ಹೇಗೆ? ನಗರಗಳ ಕ್ಷೌರದಂಗಡಿಗಳಲ್ಲಿ ಈಗ ಹೆಚ್ಚಾಗಿ ಅರ್ಧ ಬ್ಲೇಡ್ ಹಾಕುವ ಕತ್ತಿಗಳೇ ಇರುವುದರಿಂದ ಕಲ್ಲಿಗೆ ಮಸೆಯಬಲ್ಲ ಕ್ಷೌರಿಕರು ಎಲ್ಲೆಡೆ ಸಿಗುವುದಿಲ್ಲ. ಊರಿನ ಹಿರಿಯ ಕ್ಷೌರಿಕರನ್ನು ಕೇಳಿ, ಅವರಲ್ಲಿ ಆ ಕೈ ಇನ್ನೂ ಉಳಿದಿರುತ್ತದೆ. ಸ್ವತಃ ಮಸೆಯುವುದಾದರೆ 1000, 5000, 8000, 12000 ನಂಬರಿನ ನೀರುಗಲ್ಲುಗಳು ಬೇಕು. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು, ಬೆನ್ನು ಎತ್ತಲೇಬಾರದು. ಕೋನದ ಅಳತೆಗೋಲು ಆ ಬೆನ್ನೇ. ಅಲಗಿನ ಅಗಲ 16 ಮಿ.ಮೀ., ಬೆನ್ನಿನ ದಪ್ಪ 4.5 ಮಿ.ಮೀ. ಇದ್ದರೆ ಬಾಯಿಯ ಕೋನ ತಾನಾಗಿ ಸುಮಾರು 16 ಡಿಗ್ರಿ ಬರುತ್ತದೆ. 1000ದ ಕಲ್ಲಿನ ಕೆಲಸ ಮುಗಿಯಿತೇ ಎಂದು ತಿಳಿಯಲು ಬಾಯಿಯನ್ನು ಮೇಲಕ್ಕೆ ಮಾಡಿ ದೀಪದ ಕೆಳಗೆ ನೇರವಾಗಿ ನೋಡಿ. ಮೊಂಡು ಉಳಿದಿರುವ ಕಡೆ ಬಿಳಿ ದಾರದಂತೆ ಬೆಳಕು ಮಿನುಗುತ್ತದೆ. ಅದು ಪೂರ್ತಿ ಮಾಯವಾಗುವವರೆಗೆ ಮುಂದಿನ ಕಲ್ಲಿಗೆ ಹೋಗಬೇಡಿ. ಇಲ್ಲಿ ಅವಸರ ಪಟ್ಟರೆ 12000ದ ಕಲ್ಲೂ ಕೈಹಿಡಿಯದು.

ಪ್ರತಿ ಸಲ ಗಡ್ಡ ತೆಗೆಯುವ ಮೊದಲು ಚರ್ಮದ ಪಟ್ಟಿಯ ಮೇಲೆ ತೀಡಬೇಕು. ಮೊದಲು ಅದರ ಜೊತೆಗಿರುವ ಕ್ಯಾನ್ವಾಸ್ ಪಟ್ಟಿಯ ಮೇಲೆ 20 ಸಲ, ಚರ್ಮದ ಮೇಲೆ 50 ಸಲ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಬೆನ್ನು ಮುಂದೆ, ಬಾಯಿ ಹಿಂದೆ. ತುದಿ ತಲುಪಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಚರ್ಮ ಸೀಳುತ್ತದೆ, ಹರಿತವೂ ಹೋಗುತ್ತದೆ. ಪಟ್ಟಿ ಸಡಿಲ ಬಿಟ್ಟರೆ ಅದು ಬಾಯಿಯ ಸುತ್ತ ಸುತ್ತಿಕೊಂಡು ಅಂಚನ್ನು ದುಂಡಗೆ ಮಾಡುತ್ತದೆ. ಮೊದಲ ವಾರ ವೇಗ ಬೇಡವೇ ಬೇಡ.

ಹಿಡಿ ತಯಾರಾಗುತ್ತಿರುವಾಗಲೇ ಕೈ ಪಳಗಿಸಿಕೊಳ್ಳಬಹುದು. ಕ್ಷೌರದಂಗಡಿಯ ಬ್ಲೇಡ್ ಹಾಕುವ ಕತ್ತಿಯನ್ನು ಕೊಂಡು, ಬ್ಲೇಡ್ ಹಾಕದೆ, ನೊರೆ ಹಚ್ಚಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿ. ಮೂರು ಬೆರಳು ಕುತ್ತಿಗೆಯ ಮೇಲೆ, ಹೆಬ್ಬೆರಳು ಕೆಳಗೆ, ಕಿರುಬೆರಳು ತಿರುಗಣೆಯ ಆಚೆ ಚಾಚಿದ ಅಲಗಿನ ಬಾಲದ ಮೇಲೆ. ಬ್ಲೇಡ್ ಹಾಕಿ ಅದರಲ್ಲೇ ಕಲಿಯುವುದು ಸುಲಭವೆಂದು ಅನೇಕರು ಹೇಳುತ್ತಾರೆ, ನಾವು ಒಪ್ಪುವುದಿಲ್ಲ. ಆ ಚಿಕ್ಕ, ಹಗುರ ಬ್ಲೇಡ್ ಕೋನ ತುಸು ತಪ್ಪಿದರೂ ಚರ್ಮ ಕಚ್ಚುತ್ತದೆ. ಭಾರದ ಹಳೆಯ ಅಲಗು ಅಷ್ಟು ಬೇಗ ಕಚ್ಚುವುದಿಲ್ಲ.

ಮೊದಲ ದಿನ ಸ್ನಾನವಾದ ಮೇಲೆ, ಬಿಸಿನೀರಿಗೆ ಗಡ್ಡ ಮೆದುವಾಗಿರುವಾಗ, ಬ್ರಷ್ಷಿನಿಂದ ಕಲೆಸಿದ ದಟ್ಟ ಸೋಪಿನ ನೊರೆ ಹಚ್ಚಿ. ನೊರೆ ಮೊಸರಿನ ಹದಕ್ಕೆ ಬರಬೇಕು, ಗುಳ್ಳೆಗುಳ್ಳೆಯಾಗಿ ಒಣಗಿದರೆ ಕತ್ತಿ ಎಳೆಯುತ್ತದೆ. ಎರಡು ಕೆನ್ನೆ ಮಾತ್ರ ತೆಗೆಯಿರಿ, ಉಳಿದದ್ದನ್ನು ನಿಮ್ಮ ಹಳೆಯ ರೇಜರಿನಲ್ಲಿ ಮುಗಿಸಿ. ಇನ್ನೊಂದು ಕೈಯಿಂದ ಚರ್ಮವನ್ನು ಕಿವಿಯ ಕಡೆಗೆ ಬಿಗಿಯಾಗಿ ಎಳೆದು, ಅಲಗನ್ನು 30 ಡಿಗ್ರಿಯಷ್ಟು ಓರೆಯಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲಿ, ಒಂದೊಂದು ಸಲಕ್ಕೆ ಎರಡು ಮೂರು ಸೆಂ.ಮೀ. ಮಾತ್ರ. ಅಲಗಿನ ಭಾರವೇ ಕೆಲಸ ಮಾಡಲಿ, ಒತ್ತಬೇಡಿ. ಬಾಯಿಯ ಉದ್ದಕ್ಕೆ, ತರಕಾರಿ ಕೊಯ್ದಂತೆ, ಪಕ್ಕಕ್ಕೆ ಜಾರಿಸಲೇಬಾರದು. ಆಳವಾದ ಗಾಯವಾಗುವುದು ಹಾಗೆಯೇ. ಕೂದಲು ಕಿತ್ತಂತೆ ನೋವಾದರೆ ಹರಿತ ಸಾಲದು ಅಥವಾ ಕೋನ ಹೆಚ್ಚು. ಉರಿಯೊಂದೇ ಆದರೆ ಒತ್ತಿದ್ದೀರಿ ಅಥವಾ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿದ್ದೀರಿ. ಎರಡನೆಯ ವಾರ ಕುತ್ತಿಗೆ, ಮೂರನೆಯ ವಾರ ಮೇಲ್ದುಟಿ, ಗಲ್ಲ ಎಲ್ಲಕ್ಕಿಂತ ಕೊನೆಗೆ. ಗಲ್ಲದ ದುಂಡಿನಲ್ಲಿ ಬಾಯಿಯ ಮೂಲೆ ಚುಚ್ಚುವ ಸಂಭವ ಹೆಚ್ಚು. ಒಂದು ತಿಂಗಳಾಗುವವರೆಗೆ ಎದುರು ಕೂದಲಿಗೆ ಹೋಗಬೇಡಿ. ಸಣ್ಣ ಗೀರಿಗೆ ಒದ್ದೆ ಪಟಿಕ ಉಜ್ಜಿದರೆ ಸಾಕು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕುವುದು ಬೇಡ. ಕತ್ತಿಯನ್ನು ಮನೆಯವರೇ ಆದರೂ ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಡಿ.

ಮುಗಿದ ಮೇಲೆ ಅಲಗನ್ನು ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಚರ್ಮದ ಮೇಲೆ ಹತ್ತು ಸಲ ತೀಡಿ. ತೇವ ಬಾಯಿಯ ಅಂಚಿನಲ್ಲಿ ಉಳಿಯದಂತೆ ಅದು ನೋಡಿಕೊಳ್ಳುತ್ತದೆ. ಅರ್ಧ ಗಂಟೆ ತೆರೆದೇ ಇಟ್ಟು ಆಮೇಲೆ ಮಡಚಿ, ಬಚ್ಚಲುಮನೆಯಿಂದ ಹೊರಗೆ ಇಡಿ. ಕರಾವಳಿ, ಮಲೆನಾಡಿನಲ್ಲಿರುವವರು ಮಳೆಗಾಲದಲ್ಲಿ ಪ್ರತಿ ಸಲವೂ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಬೇಕು. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ಅದು ಬೇಡ. ತಿರುಗಣೆಯ ವಾಷರಿನ ಸಂದಿಗೂ ವಾರಕ್ಕೊಂದು ಹನಿ ಬಿಡಿ. ಹೊಸ ಹಿಡಿ ಮೊದಲ ತಿಂಗಳಲ್ಲಿ ತುಸು ಸಡಿಲವಾಗುವುದು ಸಹಜ. ಆಗ ಬಾಯಿಗೆ ಮತ್ತೆ ಟೇಪ್ ಸುತ್ತಿ, ಪಿನ್ನಿನ ಎರಡೂ ತಲೆಗೆ ನಾಲ್ಕು ನಾಲ್ಕು ಪೆಟ್ಟು ಕೊಟ್ಟರೆ ಬಿಗಿಯಾಗುತ್ತದೆ.